ಮಡಿಲಲ್ಲಿ ಮೀಸಲು ಹಾಲು

ಹಸು ಕರು ಹಾಕಿದರೆ, ಮನೆದೇವರಿಗೆ ಮೀಸಲು ಹಾಲು ಒಪ್ಪಿಸುವವರೆಗೆ ನಮ್ಮ ಮನೆಯಲ್ಲಿ ಯಾರೂ ಆ ಹಾಲು ಮುಟ್ಟುವುದಿಲ್ಲ. ಪಾಕೆಟ್ ಹಾಲು ಅತ್ತೆಯ ಬಾಯಿಗೆ ಸೇರದು. ಪಾಪ, ಕರಿಕಾಫಿ ಕುಡಿದು ಕುಡಿದು ಸೋತಿದ್ದರು. ಅದಕ್ಕೇ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಹಾಲು ತುಂಬಿದ ಹಿತ್ತಾಳೆ ಚೊಂಬಿನ ಬಾಯಿಗೆ ತೆಳುಬಟ್ಟೆ ಕಟ್ಟಿ, ಮಗಳ ಜೊತೆ ಪಾಂಡವಪುರದಲ್ಲಿ ಮೇಲುಕೋಟೆ ಬಸ್ಸು ಹತ್ತಿದೆ. ಗುಡಿ ದಾರಿಯಲ್ಲೇ ಇದೆ. ಮೀಸಲಿಗೆ ಪ್ಲಾಸ್ಟಿಕ್ ಡಬ್ಬ ಆಗದು.

ಸೀಟು ಸಿಕ್ಕಿತು, ಸ್ವಾಮಿ ದೊಡ್ಡವನು. ಆದರೆ ನನ್ನ ಹೆಗಲ ಹಿಂದೆಯೇ ಒಬ್ಬ ಗುಟ್ಕಾ ಜಗಿಯುತ್ತಾ ನಿಂತಿದ್ದ. ಉಬ್ಬಿದ ಕೆನ್ನೆ, ತುಟಿಯಂಚಿನಲ್ಲಿ ಕೆಂಪು ನೊರೆ. ಆ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿದೆ.

ಬಸ್ಸು ನೇರ ರಸ್ತೆಗೆ ಬಿದ್ದು ಒಂದೇ ವೇಗ ಹಿಡಿಯಿತು. ಹಾಲು ಅಡುಗೆಮನೆ ಕಟ್ಟೆಯ ಮೇಲಿಟ್ಟಂತೆ ಅಲುಗದೆ ಕೂತಿತು. ಬಟ್ಟೆಗೆ ಒಂದು ಹನಿಯೂ ತಾಗಲಿಲ್ಲ.

"ನೋಡೇ, ಬಸ್ಸು ನಿಂತಂಗೇ ಐತೆ," ಎಂದೆ.

ಮಗಳು ಕಾಲೇಜಿನಲ್ಲಿ ಓದುತ್ತಾಳೆ. "ಎಂಜಿನ್ನು ಎಷ್ಟು ಮುಂದಕ್ಕೆ ತಳ್ತದೋ, ಗಾಳಿ ರಸ್ತೆ ಸೇರ್ಕೊಂಡು ಅಷ್ಟೇ ಹಿಂದಕ್ಕೆ ತಡೀತವೆ ಕಣವ್ವ. ಸಮಸಮ."

"ಸಮ ಆದ್ಮೇಲೆ ನಿಂತೋಗ್ಬೇಕಲ್ವೇನೇ?"

"ನಿಂತಿದ್ರೆ ನಿಂತೇ ಇರ್ತಿತ್ತು. ಓಡ್ತಾ ಅದಲ್ಲ, ಅಂಗೇ ಓಡ್ತಾ ಇರ್ತದೆ. ಬ್ರೇಕ್ ಹಾಕಿದ್ರೇ ಗ್ರಾಚಾರ."

ನಾನು ಹಿಂದೆ ತಿರುಗಿ ಆ ಬಾಯಿ ನೋಡಿದೆ. ಅದೂ ತುಂಬಿದ ಚೊಂಬೇ, ಕಟ್ಟಲು ಬಟ್ಟೆಯಿಲ್ಲ.

"ಅಣ್ಣೋ, ಬಾಗ್ಲತ್ರ ಹೋಗಿ ಉಗುದ್ಬುಡಿ. ಇಲ್ಲಿ ದೇವ್ರ ಹಾಲೈತೆ."

ಅವನು ಗದ್ದ ಮೇಲೆತ್ತಿ, "ಊಂ, ಊಂ," ಎಂದು ಕೈಯಾಡಿಸಿದ.

ಅಷ್ಟರಲ್ಲಿ ಎಮ್ಮೆಯೊಂದು ಅಡ್ಡ ಬಂತು. ಡ್ರೈವರು ಬ್ರೇಕ್ ತುಳಿದ. ಹಾಲು ಮುಂದಕ್ಕೆ ನುಗ್ಗಿ ಬಟ್ಟೆ ತೋಯಿಸಿತು. ಹಿಂದಿನವನು ಮುಗ್ಗರಿಸಿ ಬಾಯಿ ಬಿಟ್ಟ. ನನ್ನ ಹೆಗಲ ಮೇಲಿಂದ ಚೊಂಬಿನ ಬಟ್ಟೆಗೆ ಬಿದ್ದ ಕೆಂಪು, ಹಾಲಿನೊಳಗೆ ಇಳಿಯಿತು.

"ಥೂ! ದೇವ್ರ ಹಾಲಿಗೆ ಎಂಜ್ಲು! ಅದೇನು ಬಾಯೋ, ಚರಂಡಿಯೋ?"

"ಡ್ರೈವರ್ನ ಕೇಳವ್ವ, ನಾನೇನ್ ಮಾಡ್ಲಿ?" ಎಂದ. ಬಾಯಿ ಖಾಲಿಯಾಗಿತ್ತಲ್ಲ, ಮಾತು ಬಂತು.

ಗುಡಿ ಹತ್ತಿರ ಬಸ್ಸಿಳಿದು, ಹಾಲನ್ನು ಬೇಲಿ ಬುಡಕ್ಕೆ ಚೆಲ್ಲಿ, ಹೊರಗಿನಿಂದಲೇ ಕೈಮುಗಿದೆ. ಮನೆಗೆ ಬಂದು ಚೊಂಬನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದರೂ ಆ ವಾಸನೆ ಮೂಗು ಬಿಡಲಿಲ್ಲ.

ಅತ್ತೆ ಲೋಟ ಹಿಡಿದು ಜಗಲಿಯಲ್ಲಿ ಕಾಯುತ್ತಿದ್ದರು. ಎಲ್ಲ ಕೇಳಿ ಲೋಟ ನನ್ನ ಕೈಗಿಟ್ಟರು. "ಕರೀದೇ ಕೊಡು ಬುಡವ್ವ. ಹಸ ನಾಳೀಕೂ ಹಾಲು ಕೊಡ್ತದೆ." ಬಯ್ಯಲಿಲ್ಲ, ಅಷ್ಟೇ ಪುಣ್ಯ.

ಮಾರನೆಯ ದಿನ ಸೀಟಿದ್ದರೂ ಕೂರಲಿಲ್ಲ. ಕೆನ್ನೆ ಉಬ್ಬಿದವರನ್ನೆಲ್ಲ ಮುಂದಕ್ಕೆ ಬಿಟ್ಟು, ಚೊಂಬು ಅವುಚಿಕೊಂಡು ಎಲ್ಲರಿಗಿಂತ ಹಿಂದೆ ನಿಂತೆ.