ಹೆಜ್ಜೆ ಕಲಿಸಿದ ಮಾಸ್ತರರು

ನಮ್ಮ ಬ್ಯಾಂಡ್ ಮಾಸ್ತರರ ಮೇಲ್ದುಟಿಯ ನಡುವೆ ಉಂಗುರ ಒತ್ತಿದಂತೆ ದುಂಡನೆಯ ಗುರುತಿತ್ತು. ವರ್ಷಗಟ್ಟಲೆ ತುತ್ತೂರಿ ಊದಿ ಊದಿ ಬಿದ್ದದ್ದು. ನಕ್ಕಾಗ ಮುಖವೆಲ್ಲ ಅರಳಿದರೂ ಆ ಜಾಗ ಅರಳುತ್ತಿರಲಿಲ್ಲ.

ನಾನು ಕಲಿತದ್ದು ಸುರಪುರದ ಕಡೆಯ ಒಂದು ಕಾಲೇಜಿನಲ್ಲಿ, ಹೆಸರು ಬೇಡ. ಅಲ್ಲಿಯ ಬ್ಯಾಂಡು ಕಟ್ಟಿದವರು ಇವರೇ. ಮದುವೆಗಳಲ್ಲಿ ಬಾರಿಸುತ್ತಿದ್ದ ತಮ್ಮ ಮನೆತನದ ಡ್ರಮ್ಮು, ತುತ್ತೂರಿಗಳನ್ನೇ ತಂದುಕೊಟ್ಟು ಶುರು ಮಾಡಿದ್ದರಂತೆ. ನಾನು ಸೇರುವ ಹೊತ್ತಿಗೆ ವಿಶ್ವವಿದ್ಯಾಲಯದ ಕ್ರೀಡಾಕೂಟದಲ್ಲೂ ನಮ್ಮ ಬ್ಯಾಂಡೇ ಮುಂದೆ.

ಹೊಸಬರು ಒಂದು ತಿಂಗಳು ಏನನ್ನೂ ನುಡಿಸುವಂತಿರಲಿಲ್ಲ. ಹುಣಸೆಹಣ್ಣು, ಬೂದಿ ಹಚ್ಚಿ ಹಿತ್ತಾಳೆ ತಿಕ್ಕಬೇಕು. ಆಮೇಲೆ ಮಾಸ್ತರರು ಒಬ್ಬೊಬ್ಬರ ಕಣ್ಣಿಗೂ ಬಟ್ಟೆ ಕಟ್ಟಿ ಅಂಗಳದಲ್ಲಿ ನಡೆಸುವರು. ಹೆಜ್ಜೆ ಕೆಡದವರ ಕೊರಳಿಗೆ ದೊಡ್ಡ ಡ್ರಮ್ಮು. ಅದರ ಏಟಿಗೆ ಎಲ್ಲರ ಎಡಗಾಲು ನೆಲಕ್ಕೆ ಬೀಳಬೇಕು. ಆ ವರ್ಷ ಹೆಜ್ಜೆ ಕೆಡದವಳು ನಾನೊಬ್ಬಳೇ. ಅದು ದೇವರು ನನಗೆ ಕೊಟ್ಟ ಸಣ್ಣ ವರವೆಂದೇ ಇಂದಿಗೂ ಎಣಿಸಿಕೊಳ್ಳುತ್ತೇನೆ.

ಅದೇ ವರ್ಷ ನಮ್ಮ ಕಡೆಗೆ ಕಾಲುವೆ ನೀರು ಬಂತು. ನೀರು ಬಿಡುವ ಸಮಾರಂಭಕ್ಕೆ ನಮ್ಮ ಬ್ಯಾಂಡನ್ನು ಕರೆದರು. ಹಿಂದಿನ ದಿನ ಕಾಲೇಜಿನ ಆಡಳಿತ ಮಂಡಳಿಯ ಹಿರಿಯರೊಬ್ಬರು ಅಂಗಳಕ್ಕೆ ಬಂದರು.

"ಮಾಸ್ತರ, ದೊಡ್ಡ ಮಂದಿ ಬರಾಕತ್ತಾರ. ಹೆಣ್ಣುಹುಡುಗಿ ಹೊಟ್ಟಿಮ್ಯಾಲ ಡ್ರಮ್ ಕಟಗೊಂಡು ನಡದ್ರ ಚೊಲೊ ಕಾಣಂಗಿಲ್ಲ. ಆಕಿ ಆರತಿ ತಟ್ಟಿ ಹಿಡೀಲಿ. ಡ್ರಮ್ ನಮ್ಮ ಅಳಿಯ ಬಾರಸ್ತಾನ."

"ಆರತಿ ಹಿಡಿಯೋರು ಊರಾಗ ಭಾಳ ಮಂದಿ ಅದಾರ್ರಿ ಸಾಹೇಬ್ರ," ಎಂದರು ಮಾಸ್ತರರು. "ಹೆಜ್ಜಿ ಹಿಡಿಯಾಕಿ ಇಕಿ ಒಬ್ಬಾಕಿನ."

"ನಾ ಕೇಳಾಕ ಬಂದಿಲ್ಲ, ಹೇಳಾಕ ಬಂದೀನಿ."

ಮರುದಿನ ಕಾಲುವೆಯ ಏರಿಯ ಮೇಲೆ ನಾನು ಆರತಿ ತಟ್ಟೆ ಹಿಡಿದು ಹಿರಿಯರ ಪಕ್ಕ ನಿಂತೆ. ಏರಿ ಇಕ್ಕಟ್ಟು, ಎರೆಮಣ್ಣು ಹಸಿ. ಸಾಲು ತಿರುಗುವಾಗ ಮುಂದಿನವರು ಹಿಂದಿನವರ ನಡುವಿನ ಸಂದಿಯಲ್ಲಿ ಹಾಯ್ದು ಬರುವುದು ನಮ್ಮ ಬ್ಯಾಂಡಿನ ಪದ್ಧತಿ. ಅಲ್ಲಿ ಅಳಿಯನ ಡ್ರಮ್ಮಿನ ಏಟು ಎಡಗಾಲಿನ ಬದಲು ಬಲಗಾಲಿಗೆ ಬಿತ್ತು. ಭುಜಕ್ಕೆ ಭುಜ ಬಡಿಯಿತು, ತುತ್ತೂರಿಯವನೊಬ್ಬ ಜಾರಿ ಕೆಸರಿನಲ್ಲಿ ಕೂತ. ಜನ ನಕ್ಕರು.

ಮಾಸ್ತರರು ಕೋಲೆತ್ತಿ ಎಲ್ಲರನ್ನೂ ನಿಲ್ಲಿಸಿದರು. ಅತಿಥಿಗಳ ಎದುರಿಗೇ ನನ್ನನ್ನು ಕೂಗಿದರು: "ಬಾ ಬೇಟಾ. ನಿನ್ನ ಜಾಗಾ ಇಲ್ಲೈತಿ."

"ಹೋದಿ ಅಂದ್ರ ನೋಡು!" ಹಿರಿಯರು ಹಲ್ಲು ಕಡಿದರು.

ಉರಿಯುವ ದೀಪವನ್ನು ನೆಲಕ್ಕಿಡುವುದು ನಮ್ಮಲ್ಲಿ ಇಲ್ಲ. ತಟ್ಟೆಯನ್ನು ಅವರ ಕೈಗೇ ಕೊಟ್ಟೆ. ದೀಪ ಆರೀತೆಂದು ಅವರೂ ಹಿಡಿದುಕೊಂಡೇ ನಿಲ್ಲಬೇಕಾಯಿತು. ನಾನು ಹೋಗಿ ಡ್ರಮ್ಮು ಕೊರಳಿಗೆ ಹಾಕಿಕೊಂಡೆ. ಏರಿಯ ತುದಿಯವರೆಗೂ ನಡೆದೆವು, ತಿರುಗಿ ಬಂದೆವು. ಒಂದು ಕಾಲೂ ತಪ್ಪಲಿಲ್ಲ.

ಮರುದಿನವೇ ಮಾಸ್ತರರಿಗೆ ಇನ್ನು ಕಾಲೇಜಿಗೆ ಬರುವುದು ಬೇಡವೆಂದು ಮಂಡಳಿಯವರು ಹೇಳಿಕಳಿಸಿದರು. ನಾನು ಅವರ ಮನೆಗೆ ಹೋಗಿ ಅತ್ತುಬಿಟ್ಟೆ. ಅವರು ಕಪ್ಪಿನ ಚಹಾ ಬಸಿಗೆ ಸುರಿದುಕೊಳ್ಳುತ್ತ ಅಂದರು, "ಯಾಕ ಅಳ್ತಿ? ನೌಕರಿ ಅವರು ಕೊಟ್ಟಿದ್ರು, ಕಸಗೊಂಡ್ರು. ಹೆಜ್ಜಿ ನಾ ಕೊಟ್ಟೀನಿ. ಅದನ್ನ ಯಾರು ಕಸಗೋತಾರ?" ಆಮೇಲೆ ಮತ್ತೆ ಮದುವೆಗಳಲ್ಲಿ ಊದಿಯೇ ಸಂಸಾರ ನಡೆಸಿದರು. ನೌಕರಿ ಕೇಳಿಕೊಂಡು ಯಾರ ಬಾಗಿಲಿಗೂ ಹೋಗಲಿಲ್ಲ.

ಹೋದ ವರ್ಷ ಮಾಸ್ತರರು ತೀರಿಕೊಂಡರು. ಮಹಾಲಯ ಅಮಾವಾಸ್ಯೆಗೆ ಗಂಡನ ಮನೆಯಲ್ಲಿ ಗತಿಸಿದ ಹಿರಿಯರಿಗೆ ಎಡೆ ಹಾಕುವಾಗ ನಾನು ಒಂದು ಎಲೆ ಹೆಚ್ಚಿಗೆ ಹಾಸಿದೆ.

"ಇದ್ಯಾರಿಗಬೇ?" ಎಂದರು ಅತ್ತೆ.

"ನಮ್ಮ ಬ್ಯಾಂಡ್ ಮಾಸ್ತರಿಗ್ರಿ."

"ಅವರು ಸಾಬ್ರು. ನಮ್ಮ ಹಿರೇರಲ್ಲಲ್ಲ!"

"ನಿಮ್ಮ ಹಿರೇರಲ್ಲ ಬಿಡ್ರಿ ಅತ್ತಿ. ನನ್ನ ಹಿರೇರು."

ಅತ್ತೆ ಮುಖ ತಿರುವಿದರು. ನಾನು ಎಲೆ ಎತ್ತಲಿಲ್ಲ. ಎರಡು ಹೋಳಿಗೆ ಇಟ್ಟು, ಮೇಲೆ ತುಪ್ಪ ಬಿಟ್ಟು, ಕೈ ಮುಗಿದೆ.