ಯಾತ್ರಾ ರೈಲೂ ದ್ಯಾಮಮ್ಮನ ಮೋಟಾರೂ

ಅಡಿಕೆ ಮಂಡಿಯಲ್ಲಿ ಮಾಲು ನೋಡುವ ಕಣ್ಣಿನಿಂದ ನೋಡಿದರೆ ದ್ಯಾಮಮ್ಮ ಗೊರಬಲು. ಅಂದರೆ ಕೊನೆಯ ದರ್ಜೆ. ಒಳ್ಳೆಯದೆಲ್ಲ ಮಾರಾಟವಾದ ಮೇಲೆ ಮೂಲೆಯಲ್ಲಿ ಉಳಿಯುವ ಗುಡ್ಡೆ. ವಯಸ್ಸು ಐವತ್ತರ ಆಚೀಚೆ. ಎತ್ತರದಲ್ಲಿ ಕಡಿಮೆ, ಅಗಲದಲ್ಲಿ ಮೋಸವಿಲ್ಲ. ಹೆಗಲು ಗಂಡಸಿನದು, ದನಿ ಎಣ್ಣೆ ಕಾಣದ ಬಂಡಿ ಅಚ್ಚಿನದು. ಕಿವಿಯಲ್ಲಿ ಓಲೆಯಿಲ್ಲ, ಇದ್ದ ಜೋಡಿ ಮೋಟಾರಿನ ಟಯರಿಗೆ ಹೋಯಿತು. ಶಿವಮೊಗ್ಗದ ಯಾವ ವ್ಯಾಪಾರಿಯಾದರೂ ಒಮ್ಮೆ ನೋಡಿ, ತಲೆ ಅಲ್ಲಾಡಿಸಿ, ಮುಂದಿನ ಚೀಲಕ್ಕೆ ಕೈ ಹಾಕುವಂಥ ಮಾಲು. ಅಡಿಕೆ ವ್ಯಾಪಾರಿ ಷಣ್ಮುಖಪ್ಪನೂ ಹನ್ನೊಂದು ವರ್ಷ ಹಾಗೇ ಮಾಡಿದ್ದ.

ಆಕೆ ಮೊದಲು ಬಂಡಿಗಳ ಒಡತಿ. ಗಂಡ ತೀರಿಕೊಂಡ ಮೇಲೆ ನಾಲ್ಕು ಜೋಡಿ ಎತ್ತು ಇಟ್ಟುಕೊಂಡು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಇದ್ದಿಲು ಸಾಗಿಸುತ್ತಿದ್ದಳು. ಆಳು ಬಾರದ ದಿನ ತಾನೇ ಮೂಟೆ ಹೊರುತ್ತಿದ್ದಳು. ಬಂಡಿಗಳಿಗೆ ಕೆಲಸ ಕಡಿಮೆಯಾದಾಗ ಎತ್ತು ಮಾರಿ, ವರ್ಗವಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬರ ಬಟ್ಟೆ ಟಾಪಿನ ಹಳೆಯ ಮೋಟಾರು ಕೊಂಡಳು. ತಮ್ಮ ಹುಲಿಯಪ್ಪ ಡ್ರೈವರ್. ಅವನ ಪಕ್ಕದ ಸೀಟು ದ್ಯಾಮಮ್ಮನದು. ಕಾರು ಬಾಡಿಗೆಗೆ ಕೇಳಿದವರಿಗೆ ಕಾರಿನ ಜೊತೆ ದ್ಯಾಮಮ್ಮನೂ ಬರುತ್ತಿದ್ದಳು. ಬೇಡವೆಂದರೆ ಕಾರೂ ಇಲ್ಲ. ಇನ್ನೊಂದು ಕರಾರು, ಹಿಂದೆ ಬಂಡಿಯವರು ಎತ್ತು ಬಿಚ್ಚುತ್ತಿದ್ದ ಒಂದೊಂದು ಕಟ್ಟೆಯ ಹತ್ತಿರವೂ ಮೋಟಾರು ನಿಲ್ಲಬೇಕು. ಆಕೆ ಮುಂದಿನ ಮುಚ್ಚಳ ತೆಗೆದು ನೀರು ಹೊಯ್ದು, ಗಾಲಿಗಳನ್ನು ತಟ್ಟಿ ನೋಡಿ, "ಹೂಂ, ಏಳು" ಎಂದರೆ ಮಾತ್ರ ಹುಲಿಯಪ್ಪ ಹೊರಡಿಸುತ್ತಿದ್ದ. ಮದುವೆಗೆ ಆ ಕಾರು ಮಾಡಿಕೊಂಡವರು ಆರತಕ್ಷತೆಗೆ ತಲುಪುತ್ತಾರೆ ಎಂದು ಪೇಟೆಯಲ್ಲಿ ನಗುತ್ತಿದ್ದರು. ಆ ಮಾತನ್ನು ಹುಟ್ಟಿಸಿದವನು ಷಣ್ಮುಖಪ್ಪನೇ ಇರಬೇಕು.

ಮೂವತ್ತೈದನೇ ಇಸವಿಯ ಡಿಸೆಂಬರಿನಲ್ಲಿ ಒಂದು ಮಂಗಳವಾರ ಶಿವಮೊಗ್ಗದ ಸ್ಟೇಷನ್ನಿಗೆ ಯಾತ್ರಾ ಸ್ಪೆಷಲ್ ಬಂತು. ಆ ರೈಲನ್ನು ನೆಲದ ಮೇಲಿನ ಹಡಗು ಎನ್ನಬೇಕು. ಉತ್ತರ ದೇಶದ ಇನ್ನೂರು ಜನ ಎರಡು ತಿಂಗಳು ಅದರಲ್ಲೇ ಉಂಡು, ಅದರಲ್ಲೇ ಮಲಗಿ ತೀರ್ಥಗಳನ್ನು ಸುತ್ತುತ್ತಿದ್ದರು. ಹಡಗು ಬಂದರಿನಲ್ಲಿ ನಿಲ್ಲುವ ಹಾಗೆ ಒಂದೊಂದು ಊರಿನಲ್ಲಿ ಕೆಲವು ಗಂಟೆ ನಿಲ್ಲುವುದು, ಜನ ಇಳಿದು ಹೊಳೆಯಲ್ಲಿ ಮುಳುಗಿ, ದೇವರಿಗೆ ಕೈ ಮುಗಿದು ಬಂದು ಹತ್ತಿಕೊಳ್ಳುವುದು. ಅಂದು ರೈಲು ಬಂದದ್ದು ಎರಡು ಗಂಟೆ ತಡ. ಹೊರಡುವುದು ಮಾತ್ರ ಐದಕ್ಕೇ ಎಂದು ಅದರ ಮ್ಯಾನೇಜರು ಕೂಗಿ ಹೇಳಿದ.

ಸರಕು ಬುಕ್ ಮಾಡಲು ಬಂದಿದ್ದ ಷಣ್ಮುಖಪ್ಪನನ್ನು ಯಾರೋ ಅಂಗಿ ಹಿಡಿದು ಎಳೆದರು. ನೋಡಿದರೆ ಬಿಳಿ ಸೀರೆಯ ಒಬ್ಬ ಮುದುಕಿ, ಎದೆಗೆ ಅವುಚಿಕೊಂಡ ಒಂದು ಸಣ್ಣ ಬಟ್ಟೆ ಚೀಲ. ಆಕೆಗೆ ಕನ್ನಡ ಬಾರದು. ಷಣ್ಮುಖಪ್ಪನಿಗೆ ಬರುತ್ತಿದ್ದ ಹಿಂದೂಸ್ತಾನಿಯೆಲ್ಲ ಪೇಟೆಯದು: ಕಮ್ಮಿ ಮಾಡಿ, ಮಾಲು ಹಸಿಯಾಗಿದೆ, ಮುಂದಿನ ವಾರ ನೋಡೋಣ. ಸಾವು ನೋವಿಗೆ ಆ ಭಾಷೆಯಲ್ಲಿ ಅವನ ಹತ್ತಿರ ಒಂದು ಪದವೂ ಇರಲಿಲ್ಲ. ಆದರೂ ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ ವಿಷಯ ತಿಳಿಯಿತು. ಮುದುಕಿಯ ಗಂಡ ಬಟ್ಟೆ ಮಾರುತ್ತಿದ್ದವನು. ನಲವತ್ತು ವರ್ಷದ ಹಿಂದೆ ಈ ಸೀಮೆಗೆ ಬಂದು, ತುಂಗೆಯೂ ಭದ್ರೆಯೂ ಸೇರುವ ಕೂಡಲಿಯಲ್ಲಿ ಮಿಂದಿದ್ದ. ಸತ್ತ ಮೇಲೆ ನನ್ನ ಬೂದಿಯ ಒಂದು ಚಿಟಿಕೆ ಅಲ್ಲಿ ಬಿಡು ಎಂದಿದ್ದ. ಸತ್ತು ಎರಡು ವರ್ಷವಾಗಿತ್ತು. ಯಾತ್ರೆಯವರ ಪಟ್ಟಿಯಲ್ಲಿ ಕೂಡಲಿ ಇರಲಿಲ್ಲ. ಹೋಗುವುದಾದರೆ ನಿನ್ನ ಜವಾಬ್ದಾರಿ, ರೈಲು ಕಾಯುವುದಿಲ್ಲ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದ.

ಸ್ಟೇಷನ್ ಮುಂದೆ ಬಾಡಿಗೆಗೆ ಉಳಿದಿದ್ದುದು ದ್ಯಾಮಮ್ಮನ ಕಾರು ಒಂದೇ.

"ಏನಂತೆ ಸಾವ್ಕಾರ್ರೆ?" ಎಂದು ಆಕೆ ಕೇಳಿದಳು.

ಷಣ್ಮುಖಪ್ಪ ಹೇಳಿದ. ಹೇಳಿ, "ಬೇಡ ಬಿಡು ದ್ಯಾಮಮ್ಮ. ನಿನ್ನ ಮೋಟಾರು ಕಟ್ಟೆ ಕಟ್ಟೆಗೂ ಮಲಗುತ್ತೆ. ರೈಲು ತಪ್ಪಿದ್ರೆ ಭಾಷೆ ಬಾರದ ಈ ಮುದುಕಿ ಎಲ್ಲಿಗೆ ಹೋಗ್ಬೇಕು?" ಎಂದ.

"ಮಲಗಲ್ಲ, ನೀರು ಕುಡಿಯುತ್ತೆ. ನೀವು ಕುಡಿಯಲ್ವಾ? ಹತ್ತಿ, ನೀವೂ ಬನ್ನಿ. ಮಾತಾಡೋಕೆ ಒಬ್ರು ಬೇಕು."

"ನಂಗೆ ಮಂಡಿ ಕೆಲಸ ಐತೆ ಮಾರಾಯ್ತಿ."

"ಮಂಗಳವಾರ ನಿಮ್ಮ ಮಂಡೀಲಿ ನೊಣ ಓಡಿಸೋದು ಬಿಟ್ರೆ ಏನು ಕೆಲಸ?"

ಹತ್ತಿದ. ಹತ್ತಿದ ಮೇಲೆ ತಿಳಿಯಿತು, ಮಾತಾಡಲು ಅವನು ಬೇಕಾಗಿಯೇ ಇರಲಿಲ್ಲ. ಮುಂದಿನ ಸೀಟಿನಿಂದ ದ್ಯಾಮಮ್ಮ ಹಿಂದಕ್ಕೆ ತಿರುಗಿ ಕನ್ನಡದಲ್ಲಿ ಕೇಳುತ್ತಿದ್ದಳು, ಮುದುಕಿ ತನ್ನ ಭಾಷೆಯಲ್ಲಿ ಹೇಳುತ್ತಿದ್ದಳು. ಮಕ್ಕಳೆಷ್ಟು, ಯಾವ ಕಾಯಿಲೆ, ಕೊನೆಗೆ ನೀರು ಕೇಳಿದನೋ ಇಲ್ಲವೋ. ಇಬ್ಬರೂ ಸರಿಯಾದ ಜಾಗದಲ್ಲಿ ತಲೆಯಾಡಿಸುತ್ತಿದ್ದರು. ಷಣ್ಮುಖಪ್ಪ ಒಂದು ಸಲ ನಡುವೆ ಬಾಯಿ ಹಾಕಿ ಅರ್ಥ ಹೇಳಲು ಹೋದ. "ಗೊತ್ತಾಯ್ತು ಬಿಡಿ" ಎಂದಳು ದ್ಯಾಮಮ್ಮ.

ಎರಡು ಕಟ್ಟೆಗಳಲ್ಲಿ ನಿಂತು ಕೂಡಲಿ ತಲುಪಿದಾಗ ಮೂರೂವರೆ. ಷಣ್ಮುಖಪ್ಪ ಅಲ್ಲಿಗೆ ಹತ್ತಾರು ಸಲ ಬಂದವನೇ. ಮೆಟ್ಟಿಲ ಮೇಲೆ ತಲೆಗೆ ನೀರು ಚಿಮುಕಿಸಿಕೊಂಡು ಹಿಂದಿರುಗಿದವನು. ಹೊಳೆಗಳು ಸೇರುವುದನ್ನು ನಿಂತು ನೋಡಿದವನಲ್ಲ. ಅಂದು ಬೇರೆ ಕೆಲಸವಿಲ್ಲದ್ದರಿಂದ ನೋಡಿದ. ಒಂದರ ನೀರು ಗಾಜಿನಷ್ಟು ತಿಳಿ, ಇನ್ನೊಂದರದು ಎಳೆ ಹಸಿರು. ಎರಡೂ ಸ್ವಲ್ಪ ದೂರ ಪಕ್ಕಪಕ್ಕದಲ್ಲೇ, ಮುಟ್ಟಿಯೂ ಮುಟ್ಟದ ಹಾಗೆ ಹರಿದು, ಆಮೇಲೆ ಎಲ್ಲೋ ಒಂದು ಕಡೆ ಯಾವುದು ಯಾವುದೆಂದು ತಿಳಿಯದಂತಾಗುತ್ತಿದ್ದವು. ಇಬ್ಬರು ಸೇರಿದ ಕಡೆ ಒಬ್ಬನಾದರೂ ಲಾಭ ಮಾಡಿಕೊಳ್ಳದ ವ್ಯವಹಾರವನ್ನು ಅವನು ಕಂಡಿರಲಿಲ್ಲ. ಇಲ್ಲಿ ಅಂಥದ್ದೊಂದು ಸದ್ದಿಲ್ಲದೆ ನಡೆಯುತ್ತಿತ್ತು.

ಮುದುಕಿ ಮೆಟ್ಟಿಲ ಹತ್ತಿರ ಚೀಲ ಬಿಚ್ಚಲಿಲ್ಲ. ಬೆರಳು ನೆಟ್ಟಗೆ ಚಾಚಿ ನಡು ಹೊಳೆ ತೋರಿಸಿದಳು. ಎರಡು ಬಣ್ಣ ಕೂಡುವ ಗೆರೆ.

"ಇಲ್ಲೇ ಬಿಟ್ರಾಯ್ತು ಅಂತ ಹೇಳು, ಎಲ್ಲಾ ಒಂದೇ ನೀರು" ಎಂದ ಷಣ್ಮುಖಪ್ಪ.

"ಒಂದೇ ಆಗಿದ್ರೆ ಇಷ್ಟು ದೂರ ಯಾಕೆ ಬರ್ತಿದ್ಲು?"

ದ್ಯಾಮಮ್ಮ ಸೀರೆಯನ್ನು ಕಚ್ಚೆ ಹಾಕಿ ಕಟ್ಟಿದಳು. ದಡದಲ್ಲಿ ಬಿದ್ದಿದ್ದ ಬಿದಿರಿನ ಗಳ ಹಿಡಿದು ಒಂದು ಸಲ ತಾನೊಬ್ಬಳೇ ಹೋಗಿ ತಳ ತಟ್ಟಿ ನೋಡಿ ಬಂದಳು. ಆಮೇಲೆ ಮುದುಕಿಯ ಮುಂದೆ ಬೆನ್ನು ಬಗ್ಗಿಸಿ ನಿಂತಳು. ಮುದುಕಿ ಒಂದು ಗಳಿಗೆ ಅನುಮಾನಿಸಿ, ಮಗು ಹತ್ತಿದ ಹಾಗೆ ಹತ್ತಿದಳು.

ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ಗೆರೆಯ ಮೇಲೆ ದ್ಯಾಮಮ್ಮ ನಿಂತಳು. ಒಂದು ಪಕ್ಕೆಗೆ ತುಂಗೆ, ಒಂದು ಪಕ್ಕೆಗೆ ಭದ್ರೆ. ಮುದುಕಿ ಚೀಲ ಬಿಚ್ಚಿ ಕೈ ಇಳಿಬಿಟ್ಟಳು. ಒಂದು ಹಿಡಿಯೂ ಇರಲಿಲ್ಲ. ಮುಗಿಯಿತು ಎಂದುಕೊಂಡ ಷಣ್ಮುಖಪ್ಪ. ಮುಗಿದಿರಲಿಲ್ಲ. ಮುದುಕಿ ನೀರಿನ ಜೊತೆ ಮಾತಾಡಲು ಶುರು ಮಾಡಿದಳು. ಮೆಲ್ಲಗೆ, ಎದುರಿಗೆ ಕೂತವನಿಗೆ ಮನೆಯ ಸುದ್ದಿ ಹೇಳುವಂತೆ. ಎರಡು ವರ್ಷದ ಸುದ್ದಿಯಿತ್ತು.

ದ್ಯಾಮಮ್ಮ ಅಲುಗಲಿಲ್ಲ. ಚಳಿಗಾಲದ ನೀರು ಎರಡು ಕಡೆಯಿಂದ ನೂಕುತ್ತಿತ್ತು. ಬೆನ್ನ ಮೇಲೆ ಒಂದು ಜೀವ. ಕಾಲಡಿಯಲ್ಲಿ ಮರಳು ಜಾರುವುದು ದಡದಿಂದಲೇ ಕಾಣುತ್ತಿತ್ತು, ಯಾಕೆಂದರೆ ಆಗಾಗ ಆಕೆ ಒಂದೊಂದು ಕಾಲನ್ನು ಕಿತ್ತು ಮತ್ತೆ ಊರುತ್ತಿದ್ದಳು. ಷಣ್ಮುಖಪ್ಪ ಜೇಬಿನ ಗಡಿಯಾರ ತೆಗೆದು, "ನಾಲ್ಕಾಯ್ತು" ಎಂದು ಕೂಗಿದ. ಐದು ನಿಮಿಷ ಬಿಟ್ಟು ಮತ್ತೆ ಕೂಗಿದ.

"ಕೂಗ್ಬೇಡಿ ಸಾವ್ಕಾರ್ರೆ" ಎಂದ ಹುಲಿಯಪ್ಪ. "ಹೊರೆ ಹೊತ್ತಾಗ ಅಕ್ಕ ಯಾರ ಮಾತೂ ಕೇಳಲ್ಲ."

ಅವಳು ದಡಕ್ಕೆ ಬಂದಾಗ ನಾಲ್ಕು ಇಪ್ಪತ್ತು. ಮುದುಕಿಯನ್ನು ಇಳಿಸಿ, ಮಂಡಿ ಊರಿ ಕುಳಿತಳು. ತುಟಿ ನೀಲಿಯಾಗಿತ್ತು.

"ರೈಲು ತಪ್ತು" ಎಂದ ಷಣ್ಮುಖಪ್ಪ. ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು. "ಶಿವಮೊಗ್ಗಕ್ಕೆ ಒಂದು ಗಂಟೆ ಮೇಲೆ ಬೇಕು. ಒಂದು ಮಾತು ಹೇಳಿ ಎಬ್ಬಿಸ್ಬಾರದಾಗಿತ್ತಾ?"

"ಅವನು ಎರಡು ವರ್ಷ ಚೀಲದಲ್ಲಿ ಕಾದಿದ್ದಾನೆ. ನಾನು ಅರ್ಧ ಗಂಟೆ ನಿಂತ್ರೆ ಏನಾಯ್ತು?" ದ್ಯಾಮಮ್ಮ ಸೆರಗು ಹಿಂಡಿದಳು. "ರೈಲು ತಪ್ಪಿದ್ದು ಶಿವಮೊಗ್ಗದಲ್ಲಿ. ಭದ್ರಾವತೀಲಿ ಇನ್ನೂ ತಪ್ಪಿಲ್ಲ. ಅಲ್ಲಿ ಇಂಜಿನ್ ನೀರು ಹಿಡಿಯುತ್ತೆ. ಲೋ ಹುಲಿಯಾ, ಹೊಳೆಹೊನ್ನೂರಿನ ಮೇಲೆ ಹೊಡಿ."

ಹೊಳೆಹೊನ್ನೂರಿನಿಂದ ಭದ್ರಾವತಿಗೆ ಇದ್ದದ್ದು ಬಂಡಿ ಜಾಡು. ಮೋಟಾರು ಹೋಗುವ ದಾರಿಯೆಂದು ಅದನ್ನು ಯಾರೂ ಹೇಳುತ್ತಿರಲಿಲ್ಲ. ದ್ಯಾಮಮ್ಮ ಒದ್ದೆ ಸೀರೆಯಲ್ಲೇ ಮುಂದೆ ಕುಳಿತು ದಾರಿ ಹೇಳಿದಳು. ಈ ಹುಣಸೆಯ ಬಲಕ್ಕೆ ಹಾಕು, ಎಡಕ್ಕೆ ಹೂಳು. ಇಲ್ಲಿ ನಿಧಾನ, ಕೆಳಗೆ ಬಂಡೆ. ಹಳ್ಳದಲ್ಲಿ ನಿಲ್ಲಿಸಬೇಡ, ನಿಲ್ಲಿಸಿದರೆ ಕಚ್ಚಿಕೊಳ್ಳುತ್ತದೆ. ಹನ್ನೆರಡು ವರ್ಷದ ಹಿಂದಿನ ಒಂದೊಂದು ಕಲ್ಲೂ ಆಕೆಗೆ ನೆಂಟರ ಹಾಗೆ ಗುರುತಿತ್ತು. ಅರ್ಧ ದಾರಿಯಲ್ಲಿ ಒಂದು ಕಟ್ಟೆ ಕಂಡಿತು. ಆಕೆ ನಿಲ್ಲಿಸು ಎಂದಳು.

"ಇವತ್ತು ಒಂದಿನ ಬಿಡು ಮಾರಾಯ್ತಿ" ಎಂದು ಷಣ್ಮುಖಪ್ಪ ಬೇಡಿಕೊಂಡ.

"ಇದಕ್ಕೆ ಬಾಯಿಲ್ಲ ಸಾವ್ಕಾರ್ರೆ" ಎಂದು ಇಳಿದು ನೀರು ಹೊಯ್ದಳು. ಗಾಲಿ ತಟ್ಟಿದಳು. "ಹೂಂ, ಏಳು."

ಸೂರ್ಯ ಇಳಿಯುವ ಹೊತ್ತಿಗೆ ಕಾರ್ಖಾನೆಯ ಚಿಮಣಿ ಕಂಡಿತು. ಒಲೆಯ ಬಾಯಿ ತೆಗೆದ ಸಮಯವಿರಬೇಕು. ಕರಗಿದ ಕಿಟ್ಟವನ್ನು, ಅಂದರೆ ಕಬ್ಬಿಣದ ಕಸವನ್ನು, ಹೊರಗೆ ಸುರಿಯುತ್ತಿದ್ದರು. ಚಿಮಣಿಯ ಬುಡದಿಂದ ಒಂದು ಕೆಂಪು ಹೊಳೆ ಇಳಿದು, ಹೊಗೆಯೂ ಮೋಡವೂ ಒಂದೇ ಬಣ್ಣವಾದವು. ಹಳಬರು ಈ ಊರನ್ನು ಬೆಂಕಿಪುರ ಎನ್ನುತ್ತಿದ್ದುದು ಷಣ್ಮುಖಪ್ಪನಿಗೆ ಗೊತ್ತಿತ್ತು. ಆ ಹೆಸರನ್ನು ಕಣ್ಣಿಂದ ಕಂಡದ್ದು ಅಂದು. ಮುದುಕಿ ಕಾರಿನಲ್ಲೇ ಎದ್ದು ನಿಂತು ಕೈ ಮುಗಿದು, ಇದು ಯಾವ ದೇವರು ಎಂದು ಕೇಳಿದಳು.

"ಕಬ್ಬಿಣ ಕಣಮ್ಮ" ಎಂದು ದ್ಯಾಮಮ್ಮ ಕಾರಿನ ಬಾಗಿಲನ್ನು ತಟ್ಟಿ ತೋರಿಸಿದಳು. ಮುದುಕಿ ಬಾಗಿಲಿಗೂ ಕೈ ಮುಗಿದಳು.

ಭದ್ರಾವತಿ ಸ್ಟೇಷನ್ ತಲುಪಿದಾಗ ಆರಕ್ಕೆ ಹತ್ತು ನಿಮಿಷ. ಪ್ಲಾಟ್‌ಫಾರಂ ಖಾಲಿ. ಐದಕ್ಕೆ ಬಿಟ್ಟ ರೈಲು ಐದೂ ಮುಕ್ಕಾಲಿಗಾದರೂ ಬಂದಿರಬೇಕು. ಷಣ್ಮುಖಪ್ಪ ಬೆಂಚಿನ ಮೇಲೆ ಕುಸಿದ. ಸ್ಟೇಷನ್ ಮಾಸ್ಟರನ್ನು ಕೇಳಲು ಧೈರ್ಯವಾಗಲಿಲ್ಲ, ಕೇಳಿದರೆ ನಿಜವಾಗಿಬಿಡುತ್ತದಲ್ಲ. ಖಾಲಿ ಚೀಲವನ್ನು ಮಡಿಸಿ ಹಿಡಿದು ಮುದುಕಿ ಅವನ ಮುಖವನ್ನೇ ನೋಡುತ್ತಿದ್ದಳು.

ದ್ಯಾಮಮ್ಮ ಪ್ಲಾಟ್‌ಫಾರಮಿನ ತುದಿಗೆ ನಡೆದು ಹೋಗಿ, ಬಗ್ಗಿ ಏನೋ ನೋಡಿ, ಅದೇ ನಡಿಗೆಯಲ್ಲಿ ಬಂದಳು.

"ಇನ್ನೂ ಬಂದಿಲ್ಲ."

"ಯಾರು ಹೇಳಿದ್ರು?"

"ಇಂಜಿನ್‌ಗೆ ನೀರು ಬಿಡೋ ಕೊಳವೆ ಐತಲ್ಲ, ಅದರ ಕೆಳಗೆ ನೆಲ ಒಣಗಿದೆ. ಕುಡಿದು ಹೋಗಿದ್ರೆ ಕೆಸರಾಗಿರ್ತಿತ್ತು."

ಅವಳ ಮಾತು ಮುಗಿದು ಸ್ವಲ್ಪ ಹೊತ್ತಿಗೆ ಶಿವಮೊಗ್ಗದ ಕಡೆಯಿಂದ ಸೀಟಿ ಕೇಳಿಸಿತು. ಬರುವಾಗ ತಡವಾದ ರೈಲು ಹೊರಡುವಾಗಲೂ ತಡ ಮಾಡಿತ್ತು.

ಮ್ಯಾನೇಜರು ಬಾಗಿಲಲ್ಲಿ ನಿಂತು ಮುದುಕಿಯನ್ನು ಕಂಡು, ಕೈಯಲ್ಲಿದ್ದ ಪಟ್ಟಿಯಲ್ಲಿ ಆಗಲೇ ಹೊಡೆದುಹಾಕಿದ್ದ ಹೆಸರನ್ನು ಮತ್ತೆ ಬರೆದುಕೊಂಡ. ಮುದುಕಿ ಹತ್ತುವ ಮೊದಲು ದ್ಯಾಮಮ್ಮನ ಬೆನ್ನು ಸವರಿದಳು. ಆಮೇಲೆ ಕಾಲು ಮುಟ್ಟಲು ಬಗ್ಗಿದಳು. ವಯಸ್ಸಾದವಳು ಬಗ್ಗುತ್ತಾಳೆಂದು ಗಾಬರಿಯಾಗಿ ದ್ಯಾಮಮ್ಮ ತಾನೂ ಬಗ್ಗಿದಳು. ಇಬ್ಬರ ತಲೆಯೂ ಢಿಕ್ಕಿ ಹೊಡೆದು, ಇಬ್ಬರೂ ನಕ್ಕರು. ಅಷ್ಟರಲ್ಲಿ ಇಂಜಿನ್ ನೀರು ಕುಡಿದಾಗಿತ್ತು.

ರೈಲು ಹೋದ ಮೇಲೆ ಷಣ್ಮುಖಪ್ಪನ ಕೈಗಳು ತಾವಾಗಿ ಎದೆಯ ಮಟ್ಟಕ್ಕೆ ಎದ್ದವು. ಆಗಲೇ ಪೇಟೆಯ ಪರಿಚಯದವರಿಬ್ಬರು ಎದುರಿಗೆ ಬಂದರು. ಅವರ ಮುಂದೆ ಬಂಡಿ ಹೊಡೆಸುವ ಹೆಂಗಸಿಗೆ ಕೈ ಮುಗಿಯುವುದು ಹೇಗೆ? ಕೈಗಳು ದಾರಿಯಲ್ಲೇ ತಿರುಗಿ ಜೇಬಿಗೆ ಹೋದವು. ಗಡಿಯಾರ ತೆಗೆದು ಸಮಯ ನೋಡಿದಂತೆ ಮಾಡಿದ. ದ್ಯಾಮಮ್ಮ ಅದನ್ನು ನೋಡಿದಳೋ ಇಲ್ಲವೋ; ಕಾರಿನ ಗಾಲಿಗೆ ಮೆತ್ತಿದ್ದ ಕೆಸರನ್ನು ಕಡ್ಡಿಯಿಂದ ಕೆರೆಯುತ್ತ ಕುಳಿತಿದ್ದಳು.

ಇದನ್ನು ಬರೆದ ಷಣ್ಮುಖಪ್ಪ ದ್ಯಾಮಮ್ಮನಿಗೆ ಅಂದಿನ ಒಂದು ನಮಸ್ಕಾರ ಇನ್ನೂ ಬಾಕಿ ಕೊಡಬೇಕು.