ಹೊಸ್ತಿಲ ಮೇಲಿನ ಸುಂಕದಕಟ್ಟೆ

ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬರುವುದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲದ ವಿದ್ಯೆ. ಬೀದಿಯ ಧೂಳು ಬೀದಿಗೇ ಮೀಸಲು ಎಂಬ ಈ ಸರಳ ಶುಚಿಪ್ರಜ್ಞೆಯನ್ನು ತುಸು ವಿಸ್ತರಿಸಿ ಭಾಷೆಗೂ ಅನ್ವಯಿಸಿದರೇನು ಎಂಬ ಘನವಾದ ಆಲೋಚನೆ ನನಗೆ ಹೊಳೆದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ನಾವು ಮೈಸೂರು ಬಿಟ್ಟು ಚೆನ್ನೈನ ಆದಂಬಾಕ್ಕಂಗೆ ಬಂದು ನೆಲೆಸಿದ ಮೇಲೆ. ಶಾಲೆಯಿಂದ ಬಂದ ಮಗಳು ನಂದಿನಿ ನೀರು ಕೇಳುವ ಬದಲು 'ತಣ್ಣಿ' ಕೇಳಿದಳು. ಅಂದೇ ಆಜ್ಞೆ ಹೊರಟಿತು: ಹೊಸ್ತಿಲ ಆಚೆ ಏನನ್ನಾದರೂ ಆಡಿಕೊಳ್ಳಿ, ಈಚೆ ಅಚ್ಚಗನ್ನಡ. ಆಫೀಸು, ಲಿಫ್ಟು, ಟೆನ್ಷನ್ನು ಎಂಬ ಇಂಗ್ಲಿಷ್ ಸರಕನ್ನು ಹಗಲೂ ರಾತ್ರಿ ಒಳಗೆ ಸಾಗಿಸುತ್ತಿದ್ದ ನನಗೆ ಮಾತ್ರ ವಿನಾಯಿತಿಯಿತ್ತು.

ಕಾನೂನು ಕೆಲಸ ಮಾಡಿತು, ಬೇಕಾದ್ದಕ್ಕಿಂತ ಹೆಚ್ಚೇ ಮಾಡಿತು. ತಮಿಳು ನಿಂತಿತು, ಅದರ ಜಾಗಕ್ಕೆ ಕನ್ನಡ ಬರಲಿಲ್ಲ. ನಾನು ಬಾಗಿಲಲ್ಲಿ ಕಾಣಿಸಿದೊಡನೆ ಬ್ಯಾಗಿಗೆ ಜೋತುಬಿದ್ದು ಶಾಲೆಯ ಸಮಾಚಾರವನ್ನೆಲ್ಲ ಒಪ್ಪಿಸುತ್ತಿದ್ದ ಹುಡುಗಿ ಈಗ 'ಹೂಂ', 'ಉಹೂಂ'ಗಳಲ್ಲಿ ಸಂಸಾರ ಸಾಗಿಸತೊಡಗಿದಳು. ಮಾತೆಲ್ಲ ಅಡುಗೆಮನೆಗೆ, ನಮ್ಮೊಂದಿಗಿದ್ದ ನನ್ನ ಅತ್ತೆಯ ಬಳಿಗೆ ಹೋಯಿತು. ಅಜ್ಜಿ ಕನ್ನಡದಲ್ಲಿ ಕೇಳುವುದು, ಮೊಮ್ಮಗಳು ತಮಿಳಿನಲ್ಲಿ ಹೇಳುವುದು, ಇಬ್ಬರೂ ನಗುವುದು. ನನ್ನ ಹೆಜ್ಜೆಯ ಸಪ್ಪಳವಾದರೆ ಇಬ್ಬರೂ ಸುಮ್ಮನಾಗುವುದು. ನನಗೆ ಹೊಟ್ಟೆ ಉರಿಯುತ್ತಿತ್ತು, ದುಃಖವೂ ಆಗುತ್ತಿತ್ತು. ಮಗಳ ಮಾತು ಮನೆಯೊಳಗಿದ್ದೂ ನನ್ನ ಕೈತಪ್ಪಿ ಹೋಗುತ್ತಿತ್ತು. ಆದರೂ ಆಜ್ಞೆ ಹೊರಡಿಸಿದವನಿಗೆ ಅದನ್ನು ಹಿಂತೆಗೆಯುವ ವಿಧಾನ ತಿಳಿಯಲಿಲ್ಲ.

ಆ ದಿನಗಳಲ್ಲೇ ಗಿಂಡಿಯ ನಮ್ಮ ಕಾರ್ಖಾನೆಗೆ ಹೊಸ ಯಂತ್ರವೊಂದನ್ನು ಕೂಡಿಸಲು ಜರ್ಮನಿಯಿಂದ ಮಥಿಯಾಸ್ ಎಂಬ ಎಂಜಿನಿಯರ್ ಬಂದಿದ್ದ. ಒಂದು ಭಾನುವಾರ ಊಟಕ್ಕೆ ಕರೆದೆ. ಅವನು ತನ್ನ ಸೀಮೆಯ ಹೆಸರು ಸಾರ್‌ಲ್ಯಾಂಡ್ ಎಂದ. ಆಟೋದವನಿಂದ ಮ್ಯಾನೇಜರನವರೆಗೆ ಎಲ್ಲರೂ ಎಲ್ಲರನ್ನೂ 'ಸಾರ್' ಎನ್ನುವ ಚೆನ್ನೈಯನ್ನು ಬಿಟ್ಟು ಇನ್ನೊಂದು ಸಾರ್‌ಲ್ಯಾಂಡ್ ಉಂಟೇ ಎಂದು ನಾನು ಹಾಸ್ಯ ಮಾಡಿದೆ. ಅದನ್ನು ವಿವರಿಸಿ ಮುಗಿಸುವಷ್ಟರಲ್ಲಿ ನನಗೇ ನಗು ಬರದಂತಾಗಿತ್ತು.

ಫ್ರಾನ್ಸಿಗೂ ಲಕ್ಸೆಂಬರ್ಗಿಗೂ ಮೈ ಒತ್ತಿಕೊಂಡು, ಸಾರ್ ನದಿಯ ಸುತ್ತ ಹಬ್ಬಿದ ಗುಡ್ಡಗಾಡಂತೆ ಅದು. ಭೂಪಟದಲ್ಲಿ ತೋರಿಸಹೋದರೆ ಬೆರಳೇ ಅದನ್ನು ಮುಚ್ಚಿಬಿಡುತ್ತದೆ. ಮೇಲೆ ಕಾಡು, ಕೆಳಗೆ ಕಲ್ಲಿದ್ದಲು. ಕಲ್ಲಿದ್ದಲಿನಿಂದ ಉಕ್ಕು, ಉಕ್ಕಿನಿಂದ ಜಗಳ. ಎರಡು ಮಹಾಯುದ್ಧಗಳ ತರುವಾಯವೂ ಫ್ರಾನ್ಸಿನ ಕಣ್ಣು ಆ ಗಣಿಗಳ ಮೇಲೆ ಬಿದ್ದು, ಸೀಮೆ ಜರ್ಮನಿಯ ಕೈಯಿಂದ ಜಾರುವುದು, ಮತ್ತೆ ಸೇರುವುದು, ನಡುವೆ ಕೆಲಕಾಲ ತನ್ನದೇ ಬಾವುಟ, ತನ್ನದೇ ಫುಟ್‌ಬಾಲ್ ತಂಡ ಕಟ್ಟಿಕೊಂಡು ಪುಟ್ಟ ನಾಡಾಗಿ ಮೆರೆಯುವುದು, ಹೀಗೆ ನಡೆದು ಕೊನೆಗೆ ಐವತ್ತೇಳರಲ್ಲಿ ಪುನಃ ಜರ್ಮನಿಯಾಯಿತು. ಮಥಿಯಾಸನ ಅಜ್ಜಿ ಒಂದೇ ಮನೆಯಲ್ಲಿ ಕೂತು ಇಷ್ಟೂ ಸರಕಾರಗಳನ್ನು ಕಂಡವಳು. ಈಗ ಗಣಿಗಳು ಒಂದೊಂದಾಗಿ ಮುಚ್ಚುತ್ತಿವೆ; ಆಚೆಯವರು ಈಚೆ ಕೆಲಸಕ್ಕೆ, ಈಚೆಯವರು ಆಚೆ ಬ್ರೆಡ್ಡಿಗೆ ಓಡಾಡಿಕೊಂಡಿದ್ದಾರೆ.

ನಾನು ಇದನ್ನು ಕನ್ನಡಕ್ಕೆ ತಂದು ಅತ್ತೆಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ನಮ್ ಕೊಳ್ಳೇಗಾಲವೂ ಹಂಗೇ ಕಣಪ್ಪ. ಹುಡುಗಿ ಆಗಿದ್ದಾಗ ನಾನು ಮದರಾಸು ಕಡೆ ಕೊಯಮತ್ತೂರು ಜಿಲ್ಲೆಯೋಳು. ಐವತ್ತಾರರಲ್ಲಿ ಮೈಸೂರಿನೋಳಾದೆ. ಒಲೆ ಮಾತ್ರ ಇದ್ದಲ್ಲೇ ಇತ್ತು."

ನಾನಿದನ್ನು ಇಂಗ್ಲಿಷಿಗೆ ತಂದು ಹೇಳಿದಾಗ ಮಥಿಯಾಸ್ ಬಹಳ ಹೊತ್ತು ನಕ್ಕ. ಆಮೇಲೆ ತನ್ನ ತಂದೆಯ ವಿಷಯ ತೆಗೆದ. ಆತ ಗಡಿಯ ಸೇತುವೆಯ ಮೇಲೆ ಸುಂಕದ ಅಧಿಕಾರಿ. ಆತನ ಒಬ್ಬಳೇ ತಂಗಿ ಫ್ರಾನ್ಸಿನವನನ್ನು ಮದುವೆಯಾಗಿ ಆಚೆ ದಡದಲ್ಲಿದ್ದಳು. ತವರಿಗೆ ಬರುವಾಗೆಲ್ಲ ಆಕೆಯ ಚೀಲವನ್ನೂ ಆತ ಬಿಚ್ಚಿಸಿ ನೋಡುತ್ತಿದ್ದ, ನಿಯಮವೆಂದರೆ ನಿಯಮ. ಕ್ರಮೇಣ ಅವಳು ಬರುವುದನ್ನೇ ಬಿಟ್ಟಳು. ಗಡಿಗಳು ತೆರೆದು, ಸುಂಕದ ಕೋಣೆ ಐಸ್‌ಕ್ರೀಂ ಅಂಗಡಿಯಾದಾಗ, ಯಾರೂ ತಡೆಯದ ಆ ಸೇತುವೆಯನ್ನು ದಾಟಿ ತಂಗಿಯ ಮನೆಗೆ ಹೋಗಬಹುದಿತ್ತು. ಅಷ್ಟರಲ್ಲಿ ಅವಳು ತೀರಿಕೊಂಡಿದ್ದಳು. ಇಷ್ಟು ಹೇಳಿ ಅವನು ಇನ್ನಷ್ಟು ಮೊಸರನ್ನ ಬಡಿಸಿಕೊಂಡ.

ಅವನನ್ನು ಆಟೋ ಹತ್ತಿಸಿ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ಪಕ್ಕದಲ್ಲಿ ನಂದಿನಿ, ಶಾಲೆಯ ವ್ಯಾನು ನಡುರಸ್ತೆಯಲ್ಲಿ ಕೆಟ್ಟು ನಿಂತ ಕಥೆಯನ್ನು ಕೈಬಾಯಿ ತಿರುಗಿಸುತ್ತ ತಮಿಳಿನಲ್ಲಿ ಹೇಳುತ್ತಿದ್ದಳು. ನನ್ನನ್ನು ಕಂಡವಳೇ ಬಾಯಿ ಮುಚ್ಚಿ, ದಾರದ ಉಂಡೆಯನ್ನು ನೋಡತೊಡಗಿದಳು. ನಾನು ಅವರೆದುರು ನೆಲದ ಮೇಲೆ ಕೂತೆ.

"ಅಪ್ಪುರಂ?" ಎಂದೆ.

'ಆಮೇಲೆ' ಎಂಬುದರ ತಮಿಳು ನನ್ನ ಬಾಯಲ್ಲಿ ಬಂದದ್ದು ಕೇಳಿ ಅತ್ತೆಯ ಕೈ ನಿಂತಿತು. ನಂದಿನಿ ನನ್ನ ಮುಖವನ್ನು ಚೆನ್ನಾಗಿ ಪರೀಕ್ಷಿಸಿದಳು. ಆಮೇಲೆ ಅಜ್ಜಿಯನ್ನು ಮೆಲ್ಲಗೆ ಕೇಳಿದಳು: "ಅಪ್ಪಂಗೆ ಪುರಿಯುತ್ತಾ?"

ಅರ್ಥವಾಗುತ್ತಾ ಎಂದು ಅವಳ ಪ್ರಶ್ನೆ. ತಮಿಳಿನ ಧಾತು, ಕನ್ನಡದ ಬಾಲ. ಹಿಂದಿನ ದಿನವಾಗಿದ್ದರೆ ಹೊಸ್ತಿಲಲ್ಲೇ ಮುಟ್ಟುಗೋಲಾಗುತ್ತಿದ್ದ ಸರಕು.

"ಪುರಿಯುತ್ತೆ, ಹೇಳು," ಎಂದೆ.

ಹೇಳಿದಳು. ಮೊದಲು ಅಜ್ಜಿಯ ಕಡೆಗೆ, ಬರಬರುತ್ತ ನನ್ನ ಕಡೆಗೆ ತಿರುಗಿ. ಅರ್ಧದಷ್ಟು ನನಗೆ ತಿಳಿಯಲೇ ಇಲ್ಲ. ತಿಳಿಯದ ಕಡೆ ಅವಳ ಮುಖ ನೋಡುತ್ತ ಕೂತೆ. ವ್ಯಾನಿನ ಕಥೆ ಮುಗಿಯಿತು. ಅವಳು ಎದ್ದುಹೋಗಲಿಲ್ಲ, ಇನ್ನೊಂದನ್ನು ಶುರುಮಾಡಿದಳು.